ಆರಿದ ಮೇಲೆ

ಸಾತಾರಾ ರಸ್ತೆಯ ಆ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಮರಾಠಿಯದೇ ರಾಜ್ಯ. ಕನ್ನಡ ಬಲ್ಲವರು ಮೂವರೇ ಮೂವರು. ಆ ಮೂವರಲ್ಲಿ ಕನ್ನಡಕ್ಕಾಗಿ ಹೆಚ್ಚು ಹಪಹಪಿಸುತ್ತಿದ್ದವನು ಫೋರಮನ್ ರಾಮಲಿಂಗಪ್ಪ. ವಿಜಾಪುರ ಬಿಟ್ಟು ಪುಣೆಗೆ ಬಂದಾಗ ಅವನ ತಲೆಯ ಮೇಲೆ ದಟ್ಟ ಕೂದಲಿತ್ತು, ಈಗ ಬೋಳು ಹೊಳೆಯುತ್ತಿತ್ತು. ಹೆಂಡತಿ ಶಿವಬಸವ್ವ, ‘ನಿಮ್ಮ ಗೊರಕೀನೂ ಮರಾಠಿ ಆಗೇದ’ ಎಂದು ಚಾಷ್ಟಿ ಮಾಡುತ್ತಿದ್ದಳು. ಅದಕ್ಕೇ ಇರಬೇಕು, ಒಂದು ದಿನ ಗೇಟಿನೆದುರಿನ ಚಹಾದಂಗಡಿಯ ಮುಂದೆ ಕಟ್ಟುಮಸ್ತಾದ ಆಳೊಬ್ಬ ತನ್ನ ಸೈಕಲ್ಲಿನ ಚೈನನ್ನು ಅದನ್ನು ಹಡೆದವರ ಸಮೇತ ಅಪ್ಪಟ ಕನ್ನಡದಲ್ಲಿ ಬೈಯುತ್ತಿದ್ದದ್ದು ಕಿವಿಗೆ ಬಿದ್ದಾಗ ರಾಮಲಿಂಗಪ್ಪನಿಗೆ ಹೊಟ್ಟೆ ತುಂಬಿದಂತಾಯಿತು. ಅವನನ್ನು ಕರೆದು ಚಹಾ ಕುಡಿಸಿದ. ವಾರ ಕಳೆಯುವುದರೊಳಗೆ ಮಾಲಕನ ತಲೆ ತಿಂದು ಕೆಲಸಕ್ಕೂ ಹಚ್ಚಿದ.

ಆಳಿನ ಹೆಸರು ಅಂಬಾರಾಯ, ಶಹಾಪುರದ ಕಡೆಯವ. ಹೆಂಡತಿ ಮಾನಮ್ಮನ ಜೊತೆ ಗುರಣ್ಣನೆಂಬ ಕೂಲಿಗಳ ಮುಕಾದಮನ ಕೈಕೆಳಗೆ ಕಾತ್ರಜದ ಹತ್ತಿರ ರಸ್ತೆಯ ಕಲ್ಲು ಒಡೆಯುತ್ತಿದ್ದ. ಕಾರ್ಖಾನೆಗೆ ಸೇರಿದ ಮೇಲೂ ಅವರ ಗುಡಿಸಲು ಗುರಣ್ಣನ ಮಂದಿಯ ನಡುವೆಯೇ ಉಳಿಯಿತು, ಮಾನಮ್ಮ ಕಲ್ಲು ಒಡೆಯುವುದೂ ಉಳಿಯಿತು. ಮೊದಮೊದಲು ರಾಮಲಿಂಗಪ್ಪನನ್ನು ಸಾಹೇಬ್ರ ಎಂದು ಕರೆಯುತ್ತಿದ್ದವನು, ಇವನು ಬೈದು ಅದನ್ನು ಬಿಡಿಸಿದ ಮೇಲೆ ‘ಅಣ್ಣಾರ’ ಎನ್ನತೊಡಗಿದ. ಆ ಒಂದು ಮಾತಿಗಾಗಿ ರಾಮಲಿಂಗಪ್ಪ ಅವನ ಅರ್ಧ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ.

ಮೂರನೆಯವಳು ಶಾಮಲಾ, ಧಾರವಾಡದ ಹುಡುಗಿ, ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಅವಳು ಈ ಶೆಡ್ಡಿಗೆ ಬಂದದ್ದಕ್ಕೆ ಮಾಲಕನ ಹುಚ್ಚು ಕಾರಣ. ಕಾರ್ಖಾನೆಯ ಕೆಲಸ ಟೆಫ್ಲಾನಿನ ಬಿಳಿಯ ಪುಡಿಯನ್ನು ಅಚ್ಚಿಗೆ ಹಾಕಿ ಒತ್ತಿ, ಸುಟ್ಟು, ಲೇತಿನಲ್ಲಿ ಕಡೆದು, ಪೈಪಿನ ನಡುವೆ ಕೂರಿಸುವ ವಾಷರು ಗ್ಯಾಸ್ಕೆಟ್ಟು ಮಾಡುವುದು. ಪುಡಿ ಪರದೇಶದ್ದು, ಬಂಗಾರದ ಬೆಲೆ. ಕಡೆಯುವಾಗ ಉದುರುವ ಬಿಳಿಯ ಸುರುಳಿಗಳನ್ನು ಹೊರಗೆ ಎಸೆಯುವಾಗ ಮಾಲಕನಿಗೆ ಕರುಳು ಕಿತ್ತು ಬರುತ್ತಿತ್ತು. ಮುಂಬಯಿಯಲ್ಲಿ ಯಾರೋ ಒಬ್ಬ, ಆ ಸುರುಳಿಗಳನ್ನು ಕಾಸಿ ಗಾಳಿ ಮಾಡಬಹುದು, ಗಾಳಿಯಿಂದ ಮತ್ತೆ ಪುಡಿ ಮಾಡಬಹುದು ಎಂದು ಕಿವಿಯಲ್ಲಿ ಊದಿಬಿಟ್ಟ. ಮಾಲಕ ತಿಂಗಳೊಪ್ಪತ್ತಿನಲ್ಲಿ ಹಿಂದಿನ ಖೋಲಿಯಲ್ಲಿ ಭಟ್ಟಿ ಹೂಡಿಸಿ ಶಾಮಲಾಳನ್ನು ನೇಮಿಸಿದ. ಗಾಳಿ ಹೊರಗೆ ಹೋಗಲು ಒಂದು ಹೊಗೆಗೂಡು ಕಟ್ಟಿಸಿ ಎಂದು ಅವಳು ಕೇಳಿದ್ದಕ್ಕೆ, ‘ಕಿಟಕಿ ಇದೆಯಲ್ಲ’ ಎಂದನಂತೆ. ಕಸದಿಂದ ರಸ ತೆಗೆಯಲು ಹೊರಟವನಿಗೆ ಕಸದಷ್ಟೂ ಖರ್ಚು ಮಾಡುವ ಮನಸ್ಸಿರಲಿಲ್ಲ.

ಆ ಹಿಂದಿನ ಖೋಲಿ ಕನ್ನಡದ್ದಾಯಿತು. ತೊಡೆಯಷ್ಟು ದಪ್ಪನೆಯ ಉಕ್ಕಿನ ನಳಿಗೆ, ಅದರ ಕೆಳಗೆ ಎಣ್ಣೆಯ ಉರಿ, ಒಂದು ಮಗ್ಗುಲಿಗೆ ಗಾಳಿ ಎಳೆಯುವ ಪಂಪು, ಅದರಾಚೆ ಗಾಳಿ ಹಿಡಿದಿಡುವ ತಣ್ಣನೆಯ ಪಾತ್ರೆ. ಅಂಬಾರಾಯ ಸುರುಳಿಗಳನ್ನು ತೊಳೆದು, ಬಿಸಿಲಿಗೆ ಹರವಿ, ಆರಿದ ಮೇಲೆ ನಳಿಗೆಗೆ ತುಂಬಿ ಉರಿ ಹಚ್ಚುತ್ತಿದ್ದ. ಒಳಗೆ ಏನಾಗುತ್ತದೆ ಎಂದು ಅವನೇ ಒಮ್ಮೆ ಕೇಳಿದ. ಶಾಮಲಾ ಮುಖ ಮುರಿಯದೆ ತಿಳಿಸಿ ಹೇಳಿದಳು. ಟೆಫ್ಲಾನೆಂದರೆ ಇಂಗಾಲದ ಉದ್ದನೆಯ ಸರಪಳಿ, ಅದರ ಮೈತುಂಬ ಫ್ಲೋರಿನ್. ಫ್ಲೋರಿನ್ ಒಮ್ಮೆ ಇಂಗಾಲದ ಕೈ ಹಿಡಿಯಿತೆಂದರೆ ಆಸಿಡ್ಡು ಬಂದರೂ ಬಿಡುವುದಿಲ್ಲ. ಕೆಂಪಗೆ ಕಾಸಿದರೆ ಆ ಹಿಡಿತ ಬಿಡುವ ಮೊದಲು ನಡುವೆ ಸರಪಳಿಯೇ ಹರಿಯುತ್ತದೆ. ಹರಿದ ತುದಿಯಲ್ಲಿ ಒಂದು ಕೈ ಖಾಲಿ. ಅಂಥದ್ದಕ್ಕೆ ಫ್ರೀ ರ್‍ಯಾಡಿಕಲ್ ಎಂದು ಹೆಸರು. ಆ ತುದಿಯಿಂದ ಸರಪಳಿ ಕೊಂಡಿ ಕೊಂಡಿಯಾಗಿ ಕಳಚಿ ಗಾಳಿಯಾಗುತ್ತದೆ. ಆ ಗಾಳಿಯನ್ನು ನೀರಿನೊಂದಿಗೆ ಗಟ್ಟಿ ಪಾತ್ರೆಯಲ್ಲಿ ಅದುಮಿ, ಚಿಟಿಕೆ ಔಷಧ ಹಾಕಿ ಮತ್ತೊಂದು ಖಾಲಿ ಕೈ ಹುಟ್ಟಿಸಿದರೆ, ಅದು ಪಕ್ಕದ್ದನ್ನು ಹಿಡಿಯುತ್ತದೆ, ಪಕ್ಕದ್ದು ಅದರಾಚೆಯದನ್ನು, ಹೀಗೆ ಹೊಸ ಸರಪಳಿ ಬೆಳೆಯುತ್ತದೆ.

ಅಂಬಾರಾಯ ಎಲ್ಲವನ್ನೂ ಕೇಳಿ, ‘ಕೈ ಖಾಲಿ ಇದ್ದೋರು ಎಲ್ಲಿ ಸುಮ್ಮ ಕುಂಡ್ರತಾರ್ರಿ ಮೇಡಂ, ನಮ್ಮಂಗ ಪುಣಾಕ್ಕ ಬರ್ತಾರ’ ಎಂದ. ಶಾಮಲಾ ಬಿದ್ದು ಬಿದ್ದು ನಕ್ಕಳು. ರಾಮಲಿಂಗಪ್ಪ ಆ ಮಾತನ್ನು ಮನೆಗೆ ಹೋಗಿ ಶಿವಬಸವ್ವನಿಗೂ ಹೇಳಿದ.

ನಗು ಮುಗಿದ ಮೇಲೆ ಅವಳು ಇನ್ನೊಂದು ವಿಷಯ ಹೇಳಿದ್ದಳು. ಖಾಲಿ ಕೈಗಳೆಲ್ಲ ಒಳ್ಳೆಯ ಕಡೆಗೇ ಹೋಗಿ ಕೂಡುವುದಿಲ್ಲ, ಕೆಲವು ಅಡ್ಡದಾರಿ ಹಿಡಿದು ಬೇರೊಂದು ಗಾಳಿಯಾಗುತ್ತವೆ, ಅದು ಘಾತಕ ವಿಷ. ನಳಿಗೆ ಕಾದಿರುವಷ್ಟು ಹೊತ್ತೂ ಅದು ಒಳಗೆ ಹುಟ್ಟುತ್ತಲೇ ಇರುತ್ತದೆ. ಆದ್ದರಿಂದ ಪಂಪು ನಡೆಯುತ್ತಲೇ ಇರಬೇಕು, ಮುಚ್ಚಳ ಮುಟ್ಟಬಾರದು. ಇದನ್ನು ಅವಳು ಇಬ್ಬರಿಗೂ ಧಾರವಾಡದ ತಿಳಿಗನ್ನಡದಲ್ಲಿ ಹೇಳಿದಳು: ‘ಪೂರಾ ಆರೋತನಕಾ ಮುಚ್ಚಳಾ ಬಿಚ್ಚಬ್ಯಾಡ್ರಿ.’ ಇಬ್ಬರೂ ಹೂಂ ಎಂದು ಗೋಣು ಹಾಕಿದರು. ಇಷ್ಟು ಸರಳ ಮಾತಿನಲ್ಲಿ ತಿಳಿಯದ್ದು ಏನಿದ್ದೀತು ಎಂದು ಯಾರಿಗಾದರೂ ಅನಿಸುತ್ತದೆ.

ಎಂಬತ್ತೊಂದರ ಬೇಸಿಗೆ. ಗುರಣ್ಣನ ಮಂದಿಯನ್ನು ಕಾತ್ರಜ ಕೆರೆಯ ಬದಿಯಿಂದ ಎಬ್ಬಿಸಿ ಘಾಟಿನ ಮೇಲಿನ ತಿರುವಿಗೆ ಸಾಗಿಸುವುದೆಂದು ಗುತ್ತೇದಾರ ಹುಕುಂ ಮಾಡಿದ್ದ. ಗುಡಿಸಲು ಕಿತ್ತು ಮೇಲೆ ಹೂಡಬೇಕು, ಮಧ್ಯಾಹ್ನ ಬಿಡಬೇಕು ಎಂದು ಅಂಬಾರಾಯ ಹಿಂದಿನ ದಿನವೇ ಕೇಳಿಕೊಂಡಿದ್ದ. ರಾಮಲಿಂಗಪ್ಪ ಆಗಲಿ ಎಂದಿದ್ದ. ಆ ಬೆಳಿಗ್ಗೆ ಶಾಮಲಾ ಯೂನಿವರ್ಸಿಟಿಯ ಗ್ರಂಥಾಲಯಕ್ಕೆ ಹೋಗಿದ್ದಳು. ರಾಮಲಿಂಗಪ್ಪ ಮುಂದಿನ ಖೋಲಿಯಲ್ಲಿ ಪ್ರೆಸ್ಸಿನ ಮುಂದೆ ಕೂತು ಅಚ್ಚಿಗೆ ಪುಡಿ ತುಂಬುತ್ತಿದ್ದ. ಗಿರಾಕಿಯೊಬ್ಬ ಎದೆಯ ಮೇಲೆ ಕೂತಂತೆ ಎದುರಿಗೇ ನಿಂತಿದ್ದ. ಅಂಬಾರಾಯನನ್ನು ಹೊತ್ತಿಗೆ ಸರಿಯಾಗಿ ಕಳಿಸಬೇಕೆಂಬುದು ರಾಮಲಿಂಗಪ್ಪನ ತಲೆಯಲ್ಲಿತ್ತು. ಹಿಂದಿನ ಸಂಜೆಯೇ ನಳಿಗೆ ಕಾಸಿ ಮುಗಿಸಿದ್ದಾರೆಂದು ಅವನು ತಿಳಿದಿದ್ದ. ಅಂಬಾರಾಯನೇ ಅದನ್ನು ಬಿಚ್ಚಿ ತೊಳೆದಿಟ್ಟು ಹೋದರೆ ಮೇಡಂಗೆ ನಾಳೆ ಕೆಲಸ ಹಗುರಾಗುತ್ತದೆ ಎಂದುಕೊಂಡು, ಹನ್ನೊಂದರ ಸುಮಾರಿಗೆ ತಿರುಗಿಯೂ ನೋಡದೆ ಕೂತಲ್ಲಿಂದಲೇ ಕೂಗಿದ.

‘ಅಂಬಾರಾಯಾ, ಆರೇದೇನೋ?’

‘ಆರ್‍ಯಾದ್ರಿ ಅಣ್ಣಾರ.’

‘ಹಂಗಾರ ಬಿಚ್ಚಿ ತೊಳದಿಟ್ಟು ಹೋಗು.’

ಒಂದಷ್ಟು ಹೊತ್ತು ಹಿಂದಿನ ಖೋಲಿಯಲ್ಲಿ ಸ್ಪ್ಯಾನರಿನ ಸದ್ದಾಯಿತು. ಅಂಬಾರಾಯ ಕೆಮ್ಮಿದ್ದೂ ಕೇಳಿಸಿತು. ಆಮೇಲೆ ಅವನು ನಲ್ಲಿಯಲ್ಲಿ ಮುಖ ತೊಳೆದು, ಶರ್ಟು ಬದಲಿಸಿ, ಸಂಜೆಗೆ ಮೇಲೆ ಹೊಸ ಜಾಗಕ್ಕೆ ಊಟಕ್ಕೆ ಬರ್ರಿ, ಮಾನಮ್ಮ ಶೇಂಗಾ ಹೋಳಿಗೆ ಮಾಡುತ್ತಾಳೆ ಎಂದು ಕರೆದು, ನಗುತ್ತಾ ಹೋದ. ಅವನ ಕಣ್ಣು ತುಸು ಕೆಂಪಾಗಿದ್ದವು. ರಾಮಲಿಂಗಪ್ಪ ಅದನ್ನು ನೋಡಿದ. ಬಿಸಿಲಿಗೆ ಎಂದುಕೊಂಡ.

ಶಾಮಲಾ ಊಟದ ಹೊತ್ತು ಮೀರಿದ ಮೇಲೆ ಬಂದಳು. ಸೀದಾ ಹಿಂದಿನ ಖೋಲಿಗೆ ಹೋದವಳು ಅಷ್ಟೇ ಬೇಗ ಹೊರಗೆ ಬಂದಳು. ಕೈಯಲ್ಲಿ ಒಂದು ಗೋಣಿತಟ್ಟಿತ್ತು, ಒದ್ದೆಯದು, ಎರಡು ಕಡೆ ಅಂಗೈಯಗಲ ಸುಟ್ಟು ಕಂದಾಗಿತ್ತು. ನಳಿಗೆ ಬಿಚ್ಚಿದವರು ಯಾರು ಎಂದು ಕೇಳಿದಳು. ಅದು ಈಗಲೂ ಮುಟ್ಟಿಸಿಕೊಳ್ಳುತ್ತಿಲ್ಲ, ಬೆಳಿಗ್ಗೆ ಬಿಚ್ಚಿದಾಗ ಕೆಂಡದಂತಿದ್ದಿರಬೇಕು ಎಂದಳು. ಒದ್ದೆ ಗೋಣಿ ಸುತ್ತಿ ಯಾರೋ ಕಾದ ಮುಚ್ಚಳವನ್ನೇ ತಿರುವಿದ್ದರು. ರಾಮಲಿಂಗಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆರಿದೆ ಎಂದು ಅಂಬಾರಾಯನೇ ಹೇಳಿದನಲ್ಲ.

‘ಅಂಬಾರಾಯ ಈಗ ಎಲ್ಲಿದ್ದಾನ?’ ಎಂದಳು ಶಾಮಲಾ.

‘ಮನಿ ಎತ್ತಲಿಕ್ಕೆ ಹೋಗ್ಯಾನ್ರಿ. ಆರಾಮ ಇದ್ದ, ನಕ್ಕೋತ ಹೋದ.’

‘ಈಗ ಆರಾಮನ ಇರ್ತಾನ್ರಿ. ಆ ಗಾಳೀದು ಮೋಸ ಅದ. ಒಳಗ ಹೋಗೂಮುಂದ ಏನೂ ಗೊತ್ತಾಗೂದಿಲ್ಲ. ತಾಸು ಕಳದಂಗ ಎದಿಯೊಳಗ ನೀರು ತುಂಬ್ತದ. ಇದಕ್ಕ ಔಷಧ ಇಲ್ಲ. ಮೈ ದಣಿಸದ ಕೂತರ, ಆಕ್ಸಿಜನ್ ಕೊಟ್ಟರ, ಉಳದರ ಉಳೀತಾನ. ಒಂದು ಕೊಡ ನೀರೂ ಎತ್ತಗೊಡಬ್ಯಾಡ್ರಿ. ಗುಡ್ಡಾ ಹತ್ತಿದನಂದ್ರ ಮುಗೀತು.’

ಅಂಬಾರಾಯ ಈ ಹೊತ್ತು ಮಾಡಲು ಹೋದದ್ದು ಅದೊಂದೇ ಕೆಲಸ, ಮನೆಯ ಭಾರ ಹೊತ್ತು ಗುಡ್ಡ ಹತ್ತುವುದು. ಮಾಲಕನ ಕಾರು ಮುಂಬಯಿಗೆ ಹೋಗಿತ್ತು. ಶಾಮಲಾ, ತಾನು ದೊಡ್ಡಾಸ್ಪತ್ರೆಗೆ ಹೋಗಿ ಡಾಕ್ಟರಿಗೆ ಗಾಳಿಯ ಹೆಸರು ತಿಳಿಸಿ ಆಕ್ಸಿಜನ್ನಿನ ವ್ಯವಸ್ಥೆ ಮಾಡಿಸುತ್ತೇನೆ, ನೀವು ಅವನನ್ನು ಇದ್ದಲ್ಲೇ ಹಿಡಿದು ಕೂಡಿಸಿ ರಿಕ್ಷಾದಲ್ಲಿ ಕರೆತನ್ನಿ ಎಂದಳು. ರಾಮಲಿಂಗಪ್ಪ ಪುಡಿ ಮೆತ್ತಿದ ಕೈಯಲ್ಲೇ ಓಡಿ ರಸ್ತೆಗೆ ಬಂದು ಸಿಕ್ಕ ರಿಕ್ಷಾ ಹತ್ತಿದ.

ಕೆರೆಯ ಬದಿಯಲ್ಲಿ ಗುಡಿಸಲುಗಳಿರಲಿಲ್ಲ. ನೆಲದ ಮೇಲೆ ಒಲೆಯ ಮೂರು ಮೂರು ಕಲ್ಲುಗಳು, ಗೂಟ ಕಿತ್ತ ಕುಳಿಗಳು, ಒಂದು ಹರಕು ಚಪ್ಪಲಿ. ಸಾಮಾನು ಒಯ್ಯಲು ಗುತ್ತೇದಾರ ಟ್ರ್ಯಾಕ್ಟರು ಕಳಿಸುತ್ತೇನೆಂದಿದ್ದನಂತೆ. ಅದು ಬರಲಿಲ್ಲ. ಇವರ ಪಾಲಿನ ಟ್ರ್ಯಾಕ್ಟರು ಯಾವತ್ತು ಬಂದಿತ್ತು? ಮಂದಿ ತಲೆಯ ಮೇಲೆ ಹೊತ್ತೇ ಹೊರಟುಬಿಟ್ಟಿದ್ದರು, ಅದೂ ಸುತ್ತಿ ಸುತ್ತಿ ಹೋಗುವ ರಸ್ತೆಯಿಂದಲ್ಲ, ಗುಡ್ಡದ ಎದೆಯ ಮೇಲೆ ನೆಟ್ಟಗೆ ಏರುವ ಕಾಲುದಾರಿಯಿಂದ. ರಾಮಲಿಂಗಪ್ಪ ರಿಕ್ಷಾದವನಿಗೆ ರಸ್ತೆ ಹಿಡಿದು ಮೇಲಿನ ತಿರುವಿಗೆ ಬಂದು ನಿಲ್ಲಲು ಹೇಳಿ, ತಾನು ಕಾಲುದಾರಿ ಹಿಡಿದ. ದಾರಿಯಲ್ಲೇ ಅವನು ಸಿಕ್ಕರೆ ಅಲ್ಲಿಯೇ ಕೂಡಿಸಬಹುದೆಂಬ ಆಸೆ. ಐವತ್ತರ ಹತ್ತಿರದ ಮೈ, ಮುಂದೆ ಬಂದ ಹೊಟ್ಟೆ, ನೆತ್ತಿಯ ಮೇಲೆ ಬಿಸಿಲು. ನೂರು ಮಾರು ಹೋಗುವುದರೊಳಗೆ ಅವನೇ ಏದುಸಿರು ಬಿಡತೊಡಗಿದ.

ಅರ್ಧ ಗುಡ್ಡದಲ್ಲಿ ಒಂದು ಬಂಡೆಯ ನೆರಳಿಗೆ ಗುರಣ್ಣನ ಮಂದಿಯ ಮುದುಕಿ ಯಂಕವ್ವ ಕೂತಿದ್ದಳು, ಮಡಿಲಲ್ಲಿ ಕೋಳಿಗಳಿದ್ದ ಬುಟ್ಟಿ. ಅಂಬಾರಾಯನನ್ನು ಕಂಡೆಯಾ ಎಂದು ಕೇಳಿದ್ದೇ ತಡ, ಅವಳ ಮುಖ ಅರಳಿತು. ಅಂಥ ಮಗ ಹೊಟ್ಟೆಯಲ್ಲಿ ಹುಟ್ಟಬೇಕು ಎಂದಳು. ಅವನು ಮೊದಲು ತನ್ನ ಮನೆಯ ತಗಡುಗಳನ್ನು ಮೇಲೆ ಹಾಕಿ, ಹಿಂದಿರುಗಿ ಬಂದು, ಇವಳ ಕೈಲಾಗದ್ದನ್ನು ಕಂಡು, ಬೀಸುವ ಕಲ್ಲಿನ ಎರಡೂ ಹೋಳುಗಳನ್ನು ತಲೆಯ ಮೇಲಿಟ್ಟುಕೊಂಡು ಹೋದನಂತೆ. ರಾಮಲಿಂಗಪ್ಪನಿಗೆ ಆ ಮುದುಕಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಕಲ್ಲಿನ ಮೇಲೆ ಸಿಟ್ಟು ಬಂತು. ಅವಳಿಗೆ ಏನು ಗೊತ್ತು ಪಾಪ, ಅವಳು ಅವನನ್ನು ಹರಸುತ್ತಿದ್ದಳು. ರಾಮಲಿಂಗಪ್ಪ ಮೇಲೆ ಹತ್ತಿದ.

ಮುಂದೆ ಮುಕಾದಮ ಗುರಣ್ಣ ಖಾಲಿ ಕೈಯಲ್ಲಿ ಇಳಿದು ಬರುತ್ತಿದ್ದ. ಅಂಬಾರಾಯ ಮೇಲೆ ಮುಟ್ಟಿದ್ದಾನೆ, ಗೂಟ ಬಡಿಯುತ್ತಿದ್ದಾನೆ, ಇನ್ನೊಂದು ಸಲ ಕೆಳಗೆ ಬರುತ್ತೇನೆ ಎಂದಿದ್ದಾನೆ ಎಂದ. ರಾಮಲಿಂಗಪ್ಪ ಅವನ ತೋಳು ಹಿಡಿದು, ಅವನು ಕೆಳಗೆ ಬರಬಾರದು, ಅವನ ಮೈಯೊಳಗೆ ವಿಷ ಹೋಗಿದೆ ಎಂದ. ಗುರಣ್ಣ ಇವನ ಬಾಯಿ ಮೂಸುವವನಂತೆ ಮುಖ ಮುಂದೆ ತಂದ. ಹೊತ್ತಲ್ಲದ ಹೊತ್ತಿನಲ್ಲಿ ಕುಡಿದು ಗುಡ್ಡ ಹತ್ತಿದ ಫೋರಮನ್ನನನ್ನು ಕಂಡಂತೆ ನೋಡಿ, ನಕ್ಕು, ಇಳಿದು ಹೋದ.

ಮೇಲೆ ಮುಟ್ಟಿದಾಗ ರಾಮಲಿಂಗಪ್ಪನಿಗೆ ಕಂಡದ್ದು ಇಷ್ಟು: ಅಂಬಾರಾಯ ಬರಿಮೈಯಲ್ಲಿ ನಿಂತು ತಗಡಿಗೆ ಹಗ್ಗ ಬಿಗಿಯುತ್ತಿದ್ದಾನೆ, ಮಾನಮ್ಮ ಒಲೆಯ ಕಲ್ಲು ಹೂಡುತ್ತಿದ್ದಾಳೆ, ಇಬ್ಬರೂ ಏನೋ ಮಾತಿಗೆ ನಗುತ್ತಿದ್ದಾರೆ. ಅವನು ಚೆನ್ನಾಗಿಯೇ ಇದ್ದ. ರಾಮಲಿಂಗಪ್ಪನಿಗೆ ಸಮಾಧಾನವಾಯಿತು. ಓದಿದವರ ಹೆದರಿಕೆಯೇ ಇಷ್ಟು, ಪುಸ್ತಕದ ವಿಷವೆಲ್ಲ ಕಲ್ಲೊಡೆಯುವ ಎದೆಯಲ್ಲಿ ನಡೆಯುವುದಿಲ್ಲ ಎಂದು ಒಂದು ಗಳಿಗೆ ಅನಿಸಿತು.

ಅಣ್ಣಾರು ಊಟಕ್ಕೆ ಇಷ್ಟು ಬೇಗ ಬಂದರಲ್ಲ ಎಂದು ಅಂಬಾರಾಯ ಎದುರು ಬಂದ. ರಾಮಲಿಂಗಪ್ಪ ಹಗ್ಗ ಕಸಿದುಕೊಂಡು ಕೂಡು ಎಂದ. ಅವನು ನಕ್ಕ. ಇವನು ಗದರಿದ. ಹೆಂಗಸರೆಲ್ಲ ದುಡಿಯುತ್ತಿರುವಾಗ ಹಾಡುಹಗಲು ಗಂಡಸು ಕಾಲು ಚಾಚಿ ಕೂಡುವುದೆಂದರೆ ಅಂಬಾರಾಯನಿಗೆ ನಾಚಿಕೆ, ಅವನು ಕೂತೂ ಕೂಡದ ಹಾಗೆ ಕುಕ್ಕರುಗಾಲಿನಲ್ಲಿ ಕೂತ. ರಾಮಲಿಂಗಪ್ಪ ಭುಜ ಅದುಮಿ ತಗಡಿಗೆ ಬೆನ್ನು ಕೊಡಿಸಿ ಕೂಡಿಸಿದ. ಮಾನಮ್ಮ ಏನಾಯಿತೆಂದು ತಿಳಿಯದೆ ಕೈಯಲ್ಲಿ ಕಲ್ಲು ಹಿಡಿದೇ ನಿಂತಳು. ಏನೂ ಇಲ್ಲವ್ವಾ, ದವಾಖಾನೆಗೆ ತೋರಿಸಿಕೊಂಡು ಬರೋಣ ಅಂತ, ಎಂದ ರಾಮಲಿಂಗಪ್ಪ.

‘ಬಾಯಿ ಆರ್ಲಾಕತ್ತದ ಅಣ್ಣಾರ’ ಎಂದ ಅಂಬಾರಾಯ. ‘ಆಗಿಂದ ಎಷ್ಟು ನೀರ್ ಕುಡದ್ರೂ ಹಂಗೇ ಆರ್ತದ.’

ಮಾನಮ್ಮ ತಂಬಿಗೆ ಕೊಟ್ಟಳು. ಎರಡು ಗುಟುಕು ಕುಡಿದವನು ಮೂರನೆಯದಕ್ಕೆ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ನಿಂತಾಗ, ಉಸಿರು ಎಳೆದುಕೊಳ್ಳುವಾಗ, ಎದೆಯೊಳಗೆ ಸಣ್ಣಗೆ ಗುಳುಗುಳು ಸದ್ದಾಗುತ್ತಿತ್ತು, ಹುಕ್ಕಾ ಎಳೆದಂತೆ. ಅದನ್ನು ಕೇಳಿ ರಾಮಲಿಂಗಪ್ಪನ ಸಮಾಧಾನವೆಲ್ಲ ಇಳಿದುಹೋಯಿತು.

ರಿಕ್ಷಾ ತಿರುವಿನಲ್ಲಿ ನಿಂತಿತ್ತು. ಅಲ್ಲಿಯ ತನಕ ಅಂಬಾರಾಯನನ್ನು ನಡೆಸಗೊಡದೆ ರಾಮಲಿಂಗಪ್ಪನೂ ಇಬ್ಬರು ಗಂಡಸರೂ ಕಂಬಳಿಯಲ್ಲಿ ಹೊತ್ತರು. ‘ನಾ ಏನ್ ಹೆಣ ಏನ್ರಿ’ ಎಂದು ಅವನು ಚೇಷ್ಟೆ ಮಾಡಿದ.

ಘಾಟು ಇಳಿಯುವಾಗ ರಿಕ್ಷಾದಲ್ಲಿ ಅಂಬಾರಾಯ ನಡುವೆ, ಒಂದು ಮಗ್ಗುಲಿಗೆ ಮಾನಮ್ಮ, ಇನ್ನೊಂದು ಮಗ್ಗುಲಿಗೆ ರಾಮಲಿಂಗಪ್ಪ. ಅಂಬಾರಾಯನ ಮೈ ಬೆಚ್ಚಗಾಗುತ್ತಿತ್ತು. ಕೇಳಬಾರದೆಂದುಕೊಂಡರೂ ರಾಮಲಿಂಗಪ್ಪ ತಡೆಯಲಾರದೆ ಕೇಳಿದ.

‘ನಳಿಗಿ ಸುಡ್ತಿತ್ತಲ್ಲೋ. ಆರ್‍ಯಾದ ಅಂತ ಯಾಕ ಅಂದಿ?’

ಅಂಬಾರಾಯ ಉಸಿರು ಕೂಡಿಸಿಕೊಂಡ. ‘ಉರಿ ಆರಿತ್ತಲ್ರಿ. ಮೇಡಂ ಹೇಳಿದ್ರು ಅಂತ ನಸೀಕ್ಲೆ ಎದ್ದು ಬಂದು ಹಚ್ಚಿದ್ದೆ, ಹತ್ತಕ್ಕ ನಾನೇ ಆರ್ಸಿದ್ದೆ. ನೀವು ಆರೇದೇನ್ ಅಂದ್ರಿ, ಹೌದಂದೆ. ಬಿಚ್ಚು ಅಂದ್ರಿ, ಬಿಚ್ಚಿದೆ.’

‘ಸುಡ್ತದ ಅಂತ ಒಂದು ಮಾತು ಅನಬೇಕಿಲ್ಲೋ.’

‘ನಿಮಗ ಗೊತ್ತಿರ್ತದ ಅಂದ್ಕೊಂಡೆ ಅಣ್ಣಾರ.’

ರಾಮಲಿಂಗಪ್ಪ ಹೊರಗೆ ನೋಡಿದ. ತಾನು ಕೇಳಿದ್ದು ನಳಿಗೆ ತಣ್ಣಗಾಗಿದೆಯೇ ಎಂದು. ಅವನು ಹೇಳಿದ್ದು ಬೆಂಕಿ ನಂದಿದೆ ಎಂದು. ತಟ್ಟೆಯ ಅನ್ನವೂ ಆರುತ್ತದೆ, ಒಲೆಯ ಬೆಂಕಿಯೂ ಆರುತ್ತದೆ, ಹಗ್ಗದ ಮೇಲಿನ ಬಟ್ಟೆಯೂ ಆರುತ್ತದೆ. ಹುಟ್ಟಿದಂದಿನಿಂದ ಆಡಿದ ಮಾತು, ಒಮ್ಮೆಯೂ ಕೈಕೊಟ್ಟಿರಲಿಲ್ಲ, ಯಾಕೆಂದರೆ ಎದುರಿಗೆ ತಟ್ಟೆಯೋ ಒಲೆಯೋ ಕಾಣುತ್ತಿತ್ತು. ಇವತ್ತು ಗೋಡೆ ಅಡ್ಡವಿತ್ತು. ಕಾರ್ಖಾನೆಯ ಬೇರೆ ಯಾವ ಆಳನ್ನಾದರೂ ತಾನು ‘ಭಟ್ಟಿ ಥಂಡ ಝಾಲೀ ಕಾ’, ತಣ್ಣಗಾಯಿತೇ, ಎಂದು ಕೇಳುತ್ತಿದ್ದ, ಆಳು ‘ನಾಹೀ, ಬಂದ ಝಾಲೀ’, ಇಲ್ಲ, ಉರಿಯಷ್ಟೇ ನಿಂತಿದೆ, ಎನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಇವನು ತನ್ನವನೆಂದು ಕನ್ನಡದಲ್ಲಿ ಕೇಳಿದ. ಯಾವ ಮಾತಿಗಾಗಿ ಅವನನ್ನು ಚಹಾದಂಗಡಿಯಿಂದ ಎಳೆದು ತಂದಿದ್ದನೋ ಅದೇ ಮಾತು ಅವನನ್ನು ಹೊಡೆದಿತ್ತು. ಎದ್ದು ಹತ್ತು ಹೆಜ್ಜೆ ನಡೆದು ನೋಡಿದ್ದರೆ ಸಾಕಿತ್ತು. ಕೂತಲ್ಲಿಂದ ಎದ್ದಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಶಾಮಲಾ ಕಾದಿದ್ದಳು. ಅವಳು ಡಾಕ್ಟರಿಗೆ ಆಗಲೇ ಎಲ್ಲವನ್ನೂ ತಿಳಿಸಿದ್ದರಿಂದ ಹೊತ್ತು ವ್ಯರ್ಥವಾಗಲಿಲ್ಲ. ಮೂಗಿಗೆ ಆಕ್ಸಿಜನ್ ಹಚ್ಚಿದರು, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದರು, ಸೂಜಿಯ ಮೇಲೆ ಸೂಜಿ ಚುಚ್ಚಿದರು. ಮರಾಠಿ ಡಾಕ್ಟರು ಸಾವಧಾನದ ಮನುಷ್ಯ. ಮಾನಮ್ಮನಿಗೆ ಮರಾಠಿ ಬಾರದ್ದರಿಂದ ಆತ ಕೇಳಿದ್ದನ್ನೆಲ್ಲ ರಾಮಲಿಂಗಪ್ಪನೇ ಕನ್ನಡಕ್ಕೆ ತಂದ, ಅವಳು ಹೇಳಿದ್ದನ್ನು ಮರಾಠಿಗೆ ಒಯ್ದ. ಗಾಳಿ ಕುಡಿದ ಮೇಲೆ ಎಷ್ಟು ದಣಿದಿದ್ದಾನೆ ಎಂದು ಡಾಕ್ಟರು ಕೇಳಿದರು. ಮಾನಮ್ಮ ತಗಡು, ಕಂಬ, ಯಂಕವ್ವನ ಕಲ್ಲು ಎಂದು ಬಿಡದೆ ಹೇಳಿದಳು, ಅದರಲ್ಲಿ ಗಂಡನ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ಬೆಳಗಿನ ತನಕ ದಾಟಿದರೆ ನೋಡೋಣ ಎಂದರು. ರಾಮಲಿಂಗಪ್ಪ ಅದನ್ನು ಮಾನಮ್ಮನಿಗೆ, ‘ಬೆಳಗಾಗೂದ್ರೊಳಗ ಜ್ವರ ಇಳದ್ರ ಚಿಂತಿಲ್ಲಂತವ್ವಾ’ ಎಂದು ತಂದುಕೊಟ್ಟ. ಡಾಕ್ಟರು ಜ್ವರದ ಮಾತೇ ಎತ್ತಿರಲಿಲ್ಲ. ಅವಳ ಮುಖ ನೋಡಿ ಬಾಯಿಗೆ ಬಂದದ್ದು ಅದು.

ಮಾಲಕ ಬರಲಿಲ್ಲ. ಮುಂಬಯಿಯಿಂದ ಹಿಂದಿರುಗಿದವನು ಆಳಿನ ಕೈಯಲ್ಲಿ ಒಂದು ಬುಟ್ಟಿ ಸೇಬು ಕಳಿಸಿದ. ಗುಟುಕು ನೀರು ಇಳಿಯದವನ ಮಂಚದ ಕೆಳಗೆ ಆ ಸೇಬು ರಾತ್ರಿಯಿಡೀ ಇದ್ದವು. ಅಂಬಾರಾಯ ರಿಕ್ಷಾದಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ಶಾಮಲಾ ವರಾಂಡದ ಬೆಂಚಿನ ಮೇಲೆ ಕೂತು ಅತ್ತಳು. ತಾನು ‘ಆರೋತನಕಾ’ ಅನ್ನದೆ ‘ತಣ್ಣಗಾಗೋತನಕಾ’ ಅಂದಿದ್ದರೆ, ಎಂದು ಅವಳು ಶುರುಮಾಡಿದಾಗ ರಾಮಲಿಂಗಪ್ಪ, ನಿಮ್ಮದೇನೂ ತಪ್ಪಿಲ್ಲ ಮೇಡಂ, ಎಂದ. ತಪ್ಪು ನನ್ನದು ಎಂಬುದನ್ನು ಹೇಳದೆ ಎದ್ದು ವಾರ್ಡಿನೊಳಗೆ ಹೋದ.

ಬೆಳಗಾಯಿತು. ಕಿಟಕಿಯಿಂದ ಬಿಸಿಲು ವಾರ್ಡಿನೊಳಗೆ ಬಂತು, ಕಸ ಗುಡಿಸುವವಳು ಬಂದಳು. ರಾತ್ರಿಯೆಲ್ಲ ಕೇಳುತ್ತಿದ್ದ ಆ ಗುಳುಗುಳು ಸದ್ದು ಈಗ ಮೆಲ್ಲ ಮೆಲ್ಲಗಾಗಿತ್ತು, ಅದಕ್ಕೇ ಗೋಡೆಗೆ ಒರಗಿದ್ದ ರಾಮಲಿಂಗಪ್ಪನಿಗೆ ಸಣ್ಣಗೆ ಜೊಂಪು ಹತ್ತಿತ್ತು. ಮಾನಮ್ಮ ರಾತ್ರಿಯಿಂದ ಗಂಡನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಾ ಕೂತಿದ್ದಳು. ಜ್ವರ ಇಳಿಯುತ್ತದೆಯೋ ಎಂದು ಗಳಿಗೆಗೊಮ್ಮೆ ಮುಟ್ಟಿ ನೋಡುತ್ತಿದ್ದಳು, ಇಳಿದರೆ ಚಿಂತಿಲ್ಲ ಎಂದು ಅಣ್ಣಾರು ಹೇಳಿದ್ದರಲ್ಲ. ಅವಳು ರಾಮಲಿಂಗಪ್ಪನ ತೋಳು ಮುಟ್ಟಿ ಎಬ್ಬಿಸಿದಳು. ಅವಳ ಕಣ್ಣು ಕೆಂಪಗಿದ್ದವು, ಮುಖದಲ್ಲಿ ಮಾತ್ರ ನಗುವಿನಂಥದ್ದು ಏನೋ ಇತ್ತು.

‘ಅಣ್ಣಾರ, ಮೈ ಆರ್‍ಯಾದ್ರಿ’ ಎಂದಳು.

ರಾಮಲಿಂಗಪ್ಪ ಈ ಸಲ ಎದ್ದು ಹೋಗಿ ನೋಡಿದ. ಪಾದ ಮುಟ್ಟಿದ, ಮೊಣಕಾಲು ಮುಟ್ಟಿದ, ಎದೆಯ ಮೇಲೆ ಅಂಗೈ ಇಟ್ಟ, ಎಷ್ಟೋ ಹೊತ್ತು ಇಟ್ಟುಕೊಂಡೇ ನಿಂತ, ಅಂಗೈ ಕೆಳಗೆ ಎದೆ ಏರಿಳಿಯಲಿಲ್ಲ. ಹಿಂದಿನಿಂದ ಮಾನಮ್ಮ, ಹೌದಲ್ಲರಿ, ಆರಿದೆಯಲ್ಲರಿ, ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

‘ಹೌದವ್ವಾ, ಆರ್‍ಯಾದ’ ಎಂದ ರಾಮಲಿಂಗಪ್ಪ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದಾಗ ಕುಡಿಯಲು ಬೇಕಾಗುತ್ತದೆ ಎಂದು ತಂಬಿಗೆ ಹಿಡಿದು ನೀರಿಗೆ ಹೋದಳು.